ರೂಮು ಬದಲಾಯಿಸುವ ಅರ್ಜಿ

ಮೈಸೂರಿನಿಂದ ನಿನ್ನ ಹಾಸ್ಟೆಲಿನ ಪುಸ್ತಿಕೆ ಬಂದಿದೆಯಲ್ಲ, ಅದನ್ನು ನಿನ್ನೆ ರಾತ್ರಿ ಕೂತು ಪೂರ್ತಿ ಓದಿದೆ ಕಣಮ್ಮ. ಬಕೆಟ್ಟು, ಬೀಗ, ಸೊಳ್ಳೆಪರದೆ ತರಬೇಕು ಅನ್ನುವ ಪಟ್ಟಿಗೂ ಮುಂಚೆ ಮೂರು ಪದ ದಪ್ಪಕ್ಷರದಲ್ಲಿವೆ: ಡೈವರ್ಸಿಟಿ, ಈಕ್ವಿಟಿ, ಇನ್‌ಕ್ಲೂಷನ್. ಈಕ್ವಿಟಿ ಅಂದರೆ ನಿಮ್ಮಪ್ಪ ದುಡ್ಡು ಹಾಕಿ ಕಳಕೊಂಡ ಷೇರು ವ್ಯವಹಾರ ಅಂತಲೇ ನಾನು ತಿಳಿದಿದ್ದೆ. ನೀನು ನಕ್ಕು ಅರ್ಥ ಹೇಳಿದೆ. ಎಲ್ಲರಿಗೂ ಒಂದೇ ಅಳತೆ ಕೊಡೋದು ಬೇರೆ, ಅವರವರಿಗೆ ಬೇಕಾದ ಅಳತೆ ಕೊಡೋದು ಬೇರೆ, ಎರಡನೆಯದು ಈಕ್ವಿಟಿ ಅಂದೆ. ಇಷ್ಟೇನಾ? ಹೊಲ ಉತ್ತು ಬಂದವನಿಗೆ ಎರಡು ಮುದ್ದೆ, ಜಗಲಿ ಮೇಲೆ ಕೂತು ಪೇಪರ್ ಓದಿದ ನನಗೆ ಒಂದು. ನಿಮ್ಮಜ್ಜಿ ಐವತ್ತು ವರ್ಷದಿಂದ ನಡೆಸಿಕೊಂಡು ಬಂದಿದ್ದಾಳೆ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಅಂತ ಗೊತ್ತಿರಲಿಲ್ಲ ಅಷ್ಟೆ.

ನೀನು ಹೊರಡೋಕೆ ಇನ್ನೂ ಎರಡು ದಿನ ಇದೆ. ಎದುರಿಗೆ ಹೇಳಿದರೆ ನೀನು ಫೋನು ನೋಡುತ್ತಾ ಹೂಂಗುಟ್ಟುತ್ತೀಯ. ಅದಕ್ಕೆ ಬರೆದು ಕೊಡುತ್ತಿದ್ದೇನೆ. ಬರೆಯೋಕೆ ಇನ್ನೊಂದು ಕಾರಣವೂ ಇದೆ. ನಿನ್ನ ದೊಡ್ಡತ್ತೆ ಬೆಳಗ್ಗೆ ಫೋನ್ ಮಾಡಿದ್ದಳು. ಅದೇ ಹಾಸ್ಟೆಲಿನಲ್ಲಿ ನಮ್ಮೋರ ಹುಡುಗಿ ಒಬ್ಬಳಿದ್ದಾಳಂತೆ, ಅವಳ ರೂಮಿಗೇ ನಿನ್ನನ್ನು ಹಾಕಿಸಬೇಕಂತೆ, ವಾರ್ಡನ್‌ಗೆ ಒಂದು ಮಾತು ಹೇಳಿಸಿದರೆ ಆಗುತ್ತಂತೆ. ನಾನು ಬೇಡ ಅಂದೆ. ಅವಳು ಮುನಿಸಿಕೊಂಡು ಫೋನ್ ಇಟ್ಟಳು. ಯಾಕೆ ಬೇಡ ಅಂದೆ ಅಂತ ನಿನಗಾದರೂ ಹೇಳಬೇಕು.

ತಮಿಳುನಾಡಿನ ಈ ರಾಯಕೋಟೆಯಲ್ಲಿ ಹುಟ್ಟಿದವಳಿಗೆ ಬೇರೆ ಬೇರೆ ಜನದ ಜೊತೆ ಬೆರೆಯೋದು ಹೇಳಿಕೊಡಬೇಕಾ ತಾತ ಅಂತ ನೀನು ಕೇಳಬಹುದು. ಬೆಳಗಿನ ಹೊತ್ತು ನಮ್ಮ ಟೊಮೇಟೊ ಮಂಡಿಯಲ್ಲಿ ನಿಂತರೆ ಸಾಕು. ಕ್ರೇಟು ಎಣಿಸೋದು ತಮಿಳಿನಲ್ಲಿ, ಜಗಳ ತೆಲುಗಿನಲ್ಲಿ, ರೇಟು ಪಿಸುಗುಟ್ಟೋದು ಕನ್ನಡದಲ್ಲಿ, ಲಾರಿ ಹಿಂದಕ್ಕೆ ತೆಗೆಸೋದು ಉರ್ದುವಿನಲ್ಲಿ. ನಾಲ್ಕು ನಾಲಿಗೆ ಇಲ್ಲದವನು ಈ ಸೀಮೆಯಲ್ಲಿ ಒಂದು ಮೂಟೆ ರಾಗಿ ಮಾರಲಾರ. ಎಲ್ಲ ನಿಜ. ಆದರೆ ಮಂಡಿ ಮುಗಿದ ಮೇಲೆ ಯಾರು ಎಲ್ಲಿಗೆ ಹೋಗುತ್ತಾರೆ ನೋಡಿದ್ದೀಯಾ? ಅವರವರ ಬೀದಿಗೆ. ನಮ್ಮ ಹೊಲದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಮ್ಮ ಮನೆಯ ಹಿತ್ತಲು ನೋಡಿದ್ದಾನೆ, ಅಡುಗೆಮನೆ ನೋಡಿಲ್ಲ. ಸಂತೆಯಲ್ಲಿ ಬೆರೆಯೋದು ನಮಗೆ ಕರತಲಾಮಲಕ. ಒಂದೇ ಸೂರಿನಡಿ ಮಲಗಿ, ಒಂದೇ ನಲ್ಲಿಯ ಕೆಳಗೆ ಬಟ್ಟೆ ಒಗೆದು, ಇನ್ನೊಬ್ಬರ ಗೊರಕೆ ಕೇಳಿಕೊಂಡು ಬದುಕೋದು ನಮ್ಮೂರು ಯಾರಿಗೂ ಕಲಿಸಿಲ್ಲ. ಅದನ್ನು ಕಲಿಯೋ ಜಾಗ ಹಾಸ್ಟೆಲು. ನಾನೂ ಅಲ್ಲೇ ಕಲಿತೆ. ಕಲಿತದ್ದು ಪೂರ್ತಿ ಅಲ್ಲ.

1971ರಲ್ಲಿ ಎಂ.ಎ. ಓದೋಕೆ ಬೆಂಗಳೂರಿಗೆ ಹೋದೆ. ಅದಕ್ಕೆ ಮುಂಚೆ ಬಿ.ಎ. ಓದುವಾಗ ಇದ್ದದ್ದು ನಮ್ಮ ಜನಾಂಗದವರದೇ ಹಾಸ್ಟೆಲಿನಲ್ಲಿ. ಅಲ್ಲಿ ಎಲ್ಲರೂ ಯಾರದೋ ಸೋದರಳಿಯ, ಯಾರದೋ ಷಡ್ಡಕನ ಮಗ. ಎಂ.ಎ.ಗೆ ಹೋದಾಗ ಮಾತ್ರ ಎಲ್ಲರೂ ಇರುವ ಹಾಸ್ಟೆಲು. ಯಾವುದು ಅಂತ ಹೇಳೋದಿಲ್ಲ, ಅದರ ತಪ್ಪು ಏನೂ ಇರಲಿಲ್ಲ. ನನ್ನ ಜೊತೆಗಾರ ಕೊಳ್ಳೇಗಾಲದ ಕಡೆಯವನು. ಮೂರನೇ ದಿನಕ್ಕೆ ಅವನು ಯಾವ ಪೈಕಿ ಅಂತ ಕಾರಿಡಾರಿಗೆಲ್ಲ ಗೊತ್ತಾಯಿತು. ಯಾರೂ ಜೋರಾಗಿ ಹೇಳಲಿಲ್ಲ. ಇಂಥ ಸುದ್ದಿ ಜೋರಾಗಿ ಹೇಳದೆಯೇ ಹರಡುತ್ತದೆ. ನಮ್ಮ ಹಳೇ ಹಾಸ್ಟೆಲಿನ ಹಿರಿಯರೊಬ್ಬರು ಬಂದು, "ಒಂದು ಅರ್ಜಿ ಬರೆದುಕೊಡು, ಓದೋಕೆ ತೊಂದರೆ ಆಗ್ತಿದೆ ಅಂತ ಹಾಕು, ರೂಮು ಬದಲಾಯಿಸಿಕೊಡ್ತಾರೆ" ಅಂದರು. ಬರೆದೆ. ಟ್ರಂಕಿನ ತಳದಲ್ಲಿಟ್ಟೆ. ಎರಡು ದಿನ ಯೋಚನೆ ಮಾಡಿ, ಆಮೇಲೆ ಕೊಡೋದಿಲ್ಲ ಅಂತ ತೀರ್ಮಾನ ಮಾಡಿದೆ. ಆ ವಯಸ್ಸಿಗೆ ನಾನು ಸ್ವಲ್ಪ ಪುಸ್ತಕ ಓದಿದ್ದೆ, ಸಭೆಗಳಿಗೆ ಹೋಗುತ್ತಿದ್ದೆ. ಅರ್ಜಿ ಕೊಡದೆ ಇದ್ದದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ನನ್ನಮ್ಮ, ಅಂದರೆ ನಿನ್ನ ಮುತ್ತಜ್ಜಿ, ಪ್ರತಿ ಸಲವೂ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಕಟ್ಟಿಕೊಡುತ್ತಿದ್ದಳು. ಆ ಸಲ ಜಾಡಿಯ ಜೊತೆ ಎರಡು ಚಮಚ ಇತ್ತು. ಯಾಕೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹಾಸ್ಟೆಲಿನ ನೀರುಸಾರಿಗೆ ಆ ಉಪ್ಪಿನಕಾಯಿಯೇ ಗತಿ. ಕಾರಿಡಾರಿನ ಹುಡುಗರೆಲ್ಲ ತಟ್ಟೆ ಹಿಡಿದು ನಮ್ಮ ರೂಮಿಗೆ ಬರೋರು. ಅವರಿಗೆಲ್ಲ ಜಾಡಿಯನ್ನೇ ಮುಂದೆ ಸರಿಸುತ್ತಿದ್ದೆ. ಅವನಿಗೆ ಮಾತ್ರ ಎರಡನೇ ಚಮಚದಲ್ಲಿ ತೆಗೆದು, ಸ್ವಲ್ಪ ಮೇಲಿಂದ ಅವನ ತಟ್ಟೆಗೆ ಬಿಡುತ್ತಿದ್ದೆ. ಬೇಕು ಅಂತ ಮಾಡಿದ್ದಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಬೇಕು ಅಂತಲೇ ಮಾಡಿದೆ ಅಂದರೂ ಸುಳ್ಳಾಗುತ್ತದೆ. ಕೈ ತಾನಾಗಿ ಹಾಗೆ ಹೋಗುತ್ತಿತ್ತು. ನಾಲ್ಕನೇ ದಿನವೋ ಐದನೇ ದಿನವೋ ಅವನು ತಟ್ಟೆ ಹಿಂದಕ್ಕೆ ಎಳೆದುಕೊಂಡು, "ನನಗೆ ಹುಳಿ ಆಗಲ್ಲ" ಅಂದ. ಎರಡು ವರ್ಷ ಒಂದೇ ರೂಮಿನಲ್ಲಿದ್ದೆವು. ಅವನ ನೋಟ್ಸು ನಾನು ಓದಿದೆ, ನನ್ನ ಸ್ವೆಟರ್ ಅವನು ಹಾಕಿಕೊಂಡ. ಅವನು ಮತ್ತೆ ಉಪ್ಪಿನಕಾಯಿ ಮುಟ್ಟಲಿಲ್ಲ.

1994ರಲ್ಲಿ ಕೃಷ್ಣಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವನೇ ನನ್ನ ಗುರುತು ಹಿಡಿದ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ, ಆ ಕಡೆಗೆ ವರ್ಗವಾಗಿತ್ತು. ಬಲವಂತ ಮಾಡಿ ಊಟಕ್ಕೆ ಕರೆದುಕೊಂಡು ಹೋದ. ಎಲೆ ಹಾಕಿದರು. ಅನ್ನಕ್ಕೆ ಮುಂಚೆಯೇ ಅವನು ಸರ್ವರನ್ನು ಕರೆದು ಇನ್ನೊಂದು ಸಲ ಉಪ್ಪಿನಕಾಯಿ ಹಾಕಿಸಿಕೊಂಡ. ಬೆರಳಲ್ಲಿ ತೆಗೆದು ನೆಕ್ಕಿದ. ನಾನು ನನ್ನ ಎಲೆ ನೋಡಿದೆ. ಹೇಳಬೇಕಾದ ಮಾತು ಗಂಟಲವರೆಗೆ ಬಂತು. ಆ ವರ್ಷ ಮಾವಿನ ಹೂವು ಉದುರಿದ್ದರ ಬಗ್ಗೆ ಮಾತಾಡಿದೆ. ಆಮೇಲೆ ಅವನನ್ನು ನೋಡಲಿಲ್ಲ.

ಹಾಸ್ಟೆಲಿನ ಭೇದ ಅಂದರೆ ಬೋರ್ಡು ಬರೆದು ತಗುಲಿಸಿದ್ದು ಅಂತ ತಿಳಿಯಬೇಡ. ಬೋರ್ಡು ಹಾಕಿದರೆ ತೆಗೆಸಬಹುದು. 2018ರ ಡಿಸೆಂಬರಿನಲ್ಲಿ ಮದ್ರಾಸಿನ ಐಐಟಿ ಮೆಸ್ಸಿನಲ್ಲಿ ಸಸ್ಯಾಹಾರಿಗಳಿಗೆ ಬೇರೆ ಬಾಗಿಲು, ಕೈ ತೊಳೆಯೋಕೆ ಬೇರೆ ಬೇಸಿನ್ ಅಂತ ಪೋಸ್ಟರು ಹಚ್ಚಿದ್ದರು. ಹುಡುಗರು ಗಲಾಟೆ ಮಾಡಿದರು, ಪೋಸ್ಟರು ಹೋಯಿತು. ಬೋರ್ಡಿಲ್ಲದ ಕಡೆ ಏನು ಮಾಡೋದು? ದೆಹಲಿಯ ಏಮ್ಸ್‌ನಲ್ಲಿ ಜಾತಿಭೇದ ನಡೆಯುತ್ತಿದೆಯಾ ಅಂತ ನೋಡೋಕೆ ಸರ್ಕಾರ ಸುಖದೇವ್ ಥೋರಟ್ ಅವರ ಸಮಿತಿ ಮಾಡಿತ್ತು. 2007ರಲ್ಲಿ ವರದಿ ಬಂತು. ದಲಿತ, ಆದಿವಾಸಿ ವಿದ್ಯಾರ್ಥಿಗಳು ಹಾಸ್ಟೆಲಿನ ಮೇಲಿನ ಅಂತಸ್ತುಗಳಿಗೆ ಹೋಗಿ ಸೇರಿಕೊಂಡಿದ್ದರು. ಅವರನ್ನು ಅಲ್ಲಿಗೆ ಹಾಕಿ ಅಂತ ಯಾವ ನಿಯಮವೂ ಇರಲಿಲ್ಲ. ಕಿರುಕುಳ ತಡೆಯಲಾರದೆ ಒಬ್ಬೊಬ್ಬರಾಗಿ ರೂಮು ಬದಲಾಯಿಸಿಕೊಂಡಿದ್ದರು. ಓದಿದಾಗ ನನ್ನ ಟ್ರಂಕಿನ ತಳದ ಅರ್ಜಿ ನೆನಪಾಯಿತು. ನಾನು ಕೊಡಲಿಲ್ಲ, ಸರಿ. ಆದರೆ ಒಂದೊಂದು ಕಾರಿಡಾರಿನಲ್ಲೂ ನಾಲ್ಕು ಜನ ಕೊಟ್ಟರೆ ಸಾಕು, ಒಂದು ವರ್ಷದಲ್ಲಿ ನಮ್ಮೂರಿನ ಬೀದಿಗಳ ನಕ್ಷೆಯನ್ನೇ ಹಾಸ್ಟೆಲಿನೊಳಗೆ ಬರೆದು ಮುಗಿಸಬಹುದು.

ಈ ಊಟದ ಸಾಲಿನ ವಿಷಯಕ್ಕೆ ನಮ್ಮ ತಮಿಳುನಾಡಿನ ರಾಜಕೀಯವೇ ಒಮ್ಮೆ ಅಲ್ಲಾಡಿದೆ. ನಿಮ್ಮ ಪಠ್ಯದಲ್ಲಿ ಇತ್ತೋ ಇಲ್ಲವೋ. ತಿರುನೆಲ್ವೇಲಿ ಕಡೆ ತಾಮ್ರಪರ್ಣಿ ದಂಡೆಯ ಚೇರನ್‌ಮಹಾದೇವಿಯಲ್ಲಿ ವಿ.ವಿ.ಎಸ್. ಅಯ್ಯರ್ 1922ರಲ್ಲಿ ಒಂದು ಗುರುಕುಲ ಕಟ್ಟಿದರು. ಸಾಮಾನ್ಯ ಮನುಷ್ಯರಲ್ಲ ಅವರು. ಲಂಡನ್ನಿನಲ್ಲಿ ಕ್ರಾಂತಿಕಾರಿಗಳ ಜೊತೆಗಿದ್ದವರು, ತಿರುಕ್ಕುರಳನ್ನು ಇಂಗ್ಲಿಷಿಗೆ ತಂದವರು. ಗುರುಕುಲಕ್ಕೆ ಕಾಂಗ್ರೆಸ್ ಹತ್ತು ಸಾವಿರ ರೂಪಾಯಿ ಒಪ್ಪಿಕೊಂಡು ಐದು ಸಾವಿರ ಕೊಟ್ಟಿತ್ತು. ಆಮೇಲೆ ತಿಳಿಯಿತು, ಅಲ್ಲಿ ಇಬ್ಬರು ಬ್ರಾಹ್ಮಣ ಹುಡುಗರಿಗೆ ಬೇರೆ ಕೂತು ಊಟ. ಹುಡುಗರ ಮನೆಯವರು ಕೇಳಿಕೊಂಡಿದ್ದರು, ಅಯ್ಯರ್ ಆಗಲಿ ಅಂದಿದ್ದರು. ಉಳಿದವರೆಲ್ಲ ಒಟ್ಟಿಗೇ ಉಣ್ಣುತ್ತಿದ್ದರಲ್ಲ, ಇಬ್ಬರಿಗಾಗಿ ಯಾಕೆ ಗಲಾಟೆ ಅಂತ ಅವರಿಗೆ ಅನ್ನಿಸಿರಬೇಕು. ನಮ್ಮ ಸೇಲಂ ಸೀಮೆಯ ವರದರಾಜುಲು ನಾಯ್ಡು, ಈರೋಡಿನ ಪೆರಿಯಾರ್ ಇಬ್ಬರೂ ಸಿಡಿದೆದ್ದರು. 1924, 25ರಲ್ಲಿ ಕಾಂಗ್ರೆಸ್ಸಿನೊಳಗೆ ಅದೇ ಮಾತು. ಅಯ್ಯರ್ ಗುರುಕುಲ ಬಿಟ್ಟರು; 1925ರ ಜೂನಿನಲ್ಲಿ ಪಾಪನಾಶಂ ಜಲಪಾತದಲ್ಲಿ ಮಗಳನ್ನು ಉಳಿಸಲು ಹೋಗಿ ತೀರಿಕೊಂಡರು. ಅದೇ ವರ್ಷ ಪೆರಿಯಾರ್ ಕಾಂಗ್ರೆಸ್ ಬಿಟ್ಟರು, ಅದಕ್ಕೆ ಬೇರೆ ಕಾರಣಗಳೂ ಇದ್ದವು. ನನ್ನ ಮನಸ್ಸಿನಲ್ಲಿ ಉಳಿಯೋದು ಮಾತ್ರ ಆ ಎರಡು ಎಲೆ. ದೊಡ್ಡ ಮನುಷ್ಯ, ಒಳ್ಳೆಯ ಮನುಷ್ಯ, ಇಬ್ಬರು ತಂದೆಯರಿಗೆ ದಾಕ್ಷಿಣ್ಯಕ್ಕೆ ಹೂಂ ಅಂದ. ನಿನ್ನ ದೊಡ್ಡತ್ತೆಯ ಫೋನು ಬಂದಾಗ ನನಗೂ ದಾಕ್ಷಿಣ್ಯವೇ ಆಗಿತ್ತು.

ಹಾಗಂತ ಜಾತಿಗೊಂದು ಇದ್ದ ಹಳೇ ಹಾಸ್ಟೆಲುಗಳನ್ನು ಬಯ್ಯಬೇಡ. ನಿನ್ನ ವಯಸ್ಸಿನವರು ಹಾಗೆ ಬಯ್ಯೋದು ಕೇಳಿದ್ದೇನೆ. ಆ ಕಾಲದಲ್ಲಿ ಪಟ್ಟಣಕ್ಕೆ ಓದಲು ಬಂದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನ ಅಂತ ಒಂದಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಕ್ಕಲ ಮಕ್ಕಳಿಗೆ, ಕುರುಬರ ಮಕ್ಕಳಿಗೆ, ಹೊಲಗೇರಿಯಿಂದ ಬಂದವರಿಗೆ ಯಾವ ಮನೆ? ಬಾಡಿಗೆಗೂ ರೂಮು ಸಿಗುತ್ತಿರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರೂ ಇರಲಿ ಅಂತ ರಾಜಾರಾಂ ಹಾಸ್ಟೆಲ್ ತೆರೆದರು. ಹೆಸರಿಗೆ ಎಲ್ಲರದು, ಒಳಗೆ ಉಳಿದವರು ಬ್ರಾಹ್ಮಣ ಹುಡುಗರೇ. ಮಹಾರಾಜರು ಅದರಿಂದ ಪಾಠ ಕಲಿತು 1901ರಿಂದ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ ಒಂದೊಂದಾಗಿ ಬೋರ್ಡಿಂಗ್ ಕಟ್ಟಿಸಿದರು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಬಂತು. ಮೈಸೂರು ಸೀಮೆಯಲ್ಲೂ ಹಾಗೆಯೇ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು, ಆಸುಪಾಸಿನಲ್ಲೇ ಲಿಂಗಾಯತರ ವಿದ್ಯಾನಿಧಿ. ಮಕ್ಕಳಿಗೆ ಮೊದಲು ಒಂದು ಸೂರು ಆಗಬೇಕು ಅನ್ನೋದೇ ಅವರಿಗಿದ್ದ ದೊಡ್ಡ ಚಿಂತೆ. ನಾನು ಬಿ.ಎ. ಮಾಡಿದ್ದು ಅಂಥ ಸೂರಿನಡಿ. ಅದಿಲ್ಲದಿದ್ದರೆ ನಿನ್ನ ತಾತ ಇವತ್ತೂ ಮಂಡಿಯಲ್ಲಿ ಚೀಟಿ ಬರೆಯುತ್ತಿದ್ದ.

ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ' ನನ್ನ ಬೀರುವಿನಲ್ಲಿದೆ, ತೆಗೆದುಕೊಂಡು ಹೋಗು. ಅವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದವರು. ಓದಿಕೊಳ್ಳೋಕೆ ಪ್ರಶಾಂತ ಜಾಗ ಅಂತ ಸ್ಮಶಾನಕ್ಕೆ ಹೋಗುತ್ತಿದ್ದರು. ನಗು ಬರುವ ಹಾಗೆ ಬರೆದಿದ್ದಾರೆ. ನಕ್ಕಮೇಲೆ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂರಬೇಕಾಗುತ್ತದೆ. ತುಮಕೂರಿನ ಸಿದ್ಧಗಂಗೆಯನ್ನೂ ಹೇಳಬೇಕು. ಶಿವಕುಮಾರ ಸ್ವಾಮಿಗಳು 2019ರಲ್ಲಿ, 111ರ ವಯಸ್ಸಿನಲ್ಲಿ, ಹೋದಾಗ ಅಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ಹತ್ತು ಸಾವಿರದಷ್ಟು ಮಕ್ಕಳು ಉಚಿತ ಊಟ, ವಸತಿಯಲ್ಲಿ ಓದುತ್ತಿದ್ದರು. ಮಠ ಒಂದು ಸಮುದಾಯದ್ದು, ಪಂಕ್ತಿ ಎಲ್ಲರದು. ಆ ಮಕ್ಕಳು ಸಾಲಾಗಿ ಉಣ್ಣಲು ಕೂತದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಬಡಿಸುವವನ ಕೈ ಎಲ್ಲಿಯೂ ಮೇಲೆ ಕೆಳಗೆ ಆಗಲಿಲ್ಲ. ಅದನ್ನೇ ನೋಡಿದೆ ನಾನು, ಬೇರೇನೂ ನೋಡಲಿಲ್ಲ.

ನಮ್ಮ ತಮಿಳುನಾಡು ಸರ್ಕಾರ 2025ರ ಜುಲೈನಲ್ಲಿ ಕಲ್ಯಾಣ ಇಲಾಖೆಗಳ ಹಾಸ್ಟೆಲುಗಳ ಹೆಸರು ಬದಲಾಯಿಸಿತು. ಆದಿದ್ರಾವಿಡರ ಹಾಸ್ಟೆಲು, ಹಿಂದುಳಿದವರ ಹಾಸ್ಟೆಲು ಅಂತ ಇದ್ದ 2,739 ಹಾಸ್ಟೆಲುಗಳೂ ಈಗ ಸಮೂಗನೀದಿ ವಿಡುದಿ, ಸಾಮಾಜಿಕ ನ್ಯಾಯದ ಹಾಸ್ಟೆಲು. ಬೋರ್ಡಿಗೆ ಬಣ್ಣ ಬಳಿದರೆ ಏನಾಯಿತು ಅಂತ ನಿಮ್ಮಪ್ಪ ಮೂಗು ಮುರಿದ. ನನಗೆ ಹಾಗನ್ನಿಸಲಿಲ್ಲ. ಶಾಲೆಯಲ್ಲಿ ವಿಳಾಸ ಬರೆಯುವಾಗ ಜಾತಿಯನ್ನೂ ಬರೆಯಬೇಕಾಗಿದ್ದ ಮಗುವನ್ನು ಕೇಳಬೇಕು, ಬಣ್ಣಕ್ಕೆ ಎಷ್ಟು ಬೆಲೆ ಅಂತ. ಒಳಗಿನ ಕಕ್ಕಸು ಬಾಗಿಲಿಗೆ ಚಿಲಕ ಹಾಕಿಸೋದನ್ನೂ ಅಷ್ಟೇ ಬೇಗ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನು ನಿನ್ನ ವಿಷಯ. ಅಲ್ಲಿಗೆ ಹೋದ ದಿನವೇ ನಿನಗೊಂದು ಹೆಸರಿಡುತ್ತಾರೆ: ತಮಿಳು ಹುಡುಗಿ. ಇಲ್ಲಿ ನಮ್ಮನ್ನು ಕನ್ನಡದವರು ಅಂತಾರೆ, ಗಡಿ ದಾಟಿದರೆ ತಮಿಳರು ಅಂತಾರೆ. ನಾವು ಮನೆ ಬಿಟ್ಟು ಕದಲಲಿಲ್ಲ ಕಣಮ್ಮ. ಗೆರೆಗಳೇ ನಮ್ಮ ತಲೆಯ ಮೇಲೆ ಓಡಾಡಿದವು. ಆ ಎದುರಿನ ಬೆಟ್ಟದ ಕೋಟೆಯನ್ನು 1791ರಲ್ಲಿ ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡ ಇಂಗ್ಲಿಷ್ ಮೇಜರನ ಹೆಸರು ಗೌಡಿ. ನಮ್ಮ ಗೌಡರ ಪೈಕಿ ಅಲ್ಲ, ಬಿಡು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ನಮ್ಮ ಈ ಬಾರಾಮಹಲ್ ಸೀಮೆ ಇಂಗ್ಲಿಷ್ ಕಂಪನಿಗೆ ಹೋಯಿತು. ಆಮೇಲೆ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ನಡುವೆ 1956ರಲ್ಲಿ ಹೊಸೂರು ಸೀಮೆ ಯಾರಿಗೆ ಅನ್ನೋ ಮಾತು ಬಂದು ಹೋಯಿತು. ನಿನ್ನ ಮುತ್ತಾತ ಒಂದೇ ಜಗಲಿಯಲ್ಲಿ ಕೂತು ಇಷ್ಟೆಲ್ಲ ವಿಳಾಸ ನೋಡಿದ. ನೀನಂತೂ ಕನ್ನಡ ಶಾಲೆಯಲ್ಲಿ ಓದಿದವಳು. 2006ರ ತಮಿಳು ಕಡ್ಡಾಯ ಕಲಿಕೆ ಕಾಯ್ದೆ ಬಂದಮೇಲೆ ಕನ್ನಡ ಮಕ್ಕಳ ಹತ್ತನೇ ತರಗತಿ ಪರೀಕ್ಷೆಗಾಗಿ ದೊಡ್ಡವರು ಅರ್ಜಿ, ಕೋರ್ಟು ಅಂತ ಅಲೆದದ್ದು ಕೇಳಿಯೇ ಬೆಳೆದವಳು. ಕಡಿಮೆ ಸಂಖ್ಯೆಯವರ ಕಷ್ಟ ನಿನಗೆ ಹೊಸದಲ್ಲ.

ನಿನ್ನ ಕನ್ನಡಕ್ಕೆ ನಗುತ್ತಾರೆ. 'ಆಮೇಲೆ' ಅನ್ನೋ ಕಡೆ 'ಅಪ್ಪುರಂ' ಅಂತೀಯ, ನಾನೇ ಎಷ್ಟು ಸಲ ತಿದ್ದಿದ್ದೇನೆ. ಮೊದಲ ದಿನ ನಕ್ಕರೆ ನೀನೂ ನಗು. ಎಂಟನೇ ದಿನವೂ ನಕ್ಕರೆ ಸಾಕು ಅನ್ನು. ಜಗಳ ಬೇಡ, ಒಂದು ಸಲ ಗಟ್ಟಿಯಾಗಿ 'ಸಾಕು' ಅಂದರೆ ಆಯಿತು. ಕಾವೇರಿ ಗಲಾಟೆಯ ದಿನಗಳಲ್ಲಿ ಮಾತ್ರ ಧೈರ್ಯ ತೋರಿಸಬೇಡ, ರೂಮಿನಲ್ಲಿರು. 1991ರ ಡಿಸೆಂಬರಿನಲ್ಲಿ ಅಲ್ಲಿನ ತಮಿಳರಿಗೆ ಏನಾಯಿತು ಅಂತ ನನಗೆ ಗೊತ್ತು, 2016ರಲ್ಲಿ ಬಸ್ಸುಗಳು ಉರಿದದ್ದು ನೀನೇ ಟೀವಿಯಲ್ಲಿ ನೋಡಿದ್ದೀಯ. ಅಂಥ ದಿನ ನಿನ್ನ ಬಾಗಿಲು ತಟ್ಟಿ "ಊಟ ತಂದಿದ್ದೀನಿ" ಅನ್ನೋಳು ಯಾರು ಅಂತ ಮುಂಚೆಯೇ ಗೊತ್ತಿರಲ್ಲ. ಅದಕ್ಕೇ ಹೇಳೋದು, ನಮ್ಮೋರು ಅಂತ ಮುಂಚೆಯೇ ಲೆಕ್ಕ ಹಾಕಿಕೊಳ್ಳಬೇಡ.

ಕಲಬುರಗಿ, ಬೀದರಿನ ಹುಡುಗಿಯರು ಇರುತ್ತಾರೆ. ಅವರ ಕನ್ನಡಕ್ಕೂ ಅಲ್ಲಿ ನಗುತ್ತಾರೆ. ನಿನ್ನ ಮೇಲಿನ ನಗು ಕಡಿಮೆಯಾಗಲಿ ಅಂತ ನೀನು ಅವರ ಕಡೆ ಬೆರಳು ತೋರಿಸಬೇಡ. ಹೊಸದಾಗಿ ಬಂದವರು ಮಾಡುವ ಮೊದಲ ತಪ್ಪು ಅದೇ. ಸಂವಿಧಾನದಲ್ಲಿ 371ಜೆ ಅಂತ ಒಂದು ವಿಧಿ ಇದೆ, 2013ರಿಂದ. ಆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮಕ್ಕಳಿಗೆ ಅವರ ಸೀಮೆಯಲ್ಲಿ 100ಕ್ಕೆ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 100ಕ್ಕೆ 8 ಸೀಟು. 'ಓಹೋ, ನೀನು ಆ ಕೋಟಾದವಳಾ' ಅಂತ ಯಾರಾದರೂ ಕೇಳಿದಾಗ ಅಲ್ಲಿ ಕೂತು ಮುಗುಳ್ನಗಬೇಡ. ನಿಜಾಮನ ಕಾಲದಿಂದ ಶಾಲೆ ಕಾಣದ ಊರಿಗೆ ಎರಡನೇ ಮುದ್ದೆ ಅದು. ಅಜ್ಜಿಯ ಲೆಕ್ಕವೇ.

ಬೈಲುಕುಪ್ಪೆಯ ಟಿಬೆಟನ್ ಹುಡುಗಿ ಸಿಗಬಹುದು, ಈಶಾನ್ಯದವಳು ಸಿಗಬಹುದು. 2012ರ ಆಗಸ್ಟಿನಲ್ಲಿ ಒಂದು ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ದರು. ವರ್ಷಗಟ್ಟಲೆ ಪಕ್ಕದ ಮನೆಯಲ್ಲಿದ್ದವರು, ಒಂದು ಮೆಸೇಜಿಗೆ ಅಷ್ಟು ಹೆದರಬೇಕಾದರೆ ಪಕ್ಕದ ಮನೆ ಅವರಿಗೆ ಎಷ್ಟು ಹತ್ತಿರ ಇತ್ತು? 2021ರಲ್ಲಿ ಕಾಬೂಲು ತಾಲಿಬಾನಿಗೆ ಹೋದಾಗ ಮೈಸೂರಿನಲ್ಲಿ ಓದುತ್ತಿದ್ದ ಅಫ್ಘನ್ ಮಕ್ಕಳು ಊರಿಗೆ ಹೋಗಲಾರದೆ ಅಲ್ಲೇ ಕೂತಿದ್ದರು. ಅಂಥವರನ್ನು 'ನಿಮ್ಮಲ್ಲಿ ಹೀಗಂತೆ ಹೌದಾ' ಅಂತ ದಿನಾ ಕೇಳಬೇಡ. ಮುಸ್ಲಿಂ ಹುಡುಗಿಯ ಹತ್ತಿರ ಎಲ್ಲ ಮುಸ್ಲಿಮರ ಲೆಕ್ಕ ಕೇಳಬೇಡ. ಬೆಳಗ್ಗೆ ಐದಕ್ಕೆ ನಮಾಜಿಗೆ ಎದ್ದವಳು ದೀಪ ಹಾಕಿದರೆ ನಿದ್ದೆ ಕೆಡುತ್ತೆ ಅಂತ ಹೇಳು, ಅದು ರೂಮಿನ ಮಾತು, ಹೇಳಬಹುದು. ರಾತ್ರಿ ಎರಡಕ್ಕೆ ನೀನು ಫೋನಿನಲ್ಲಿ ನಗೋದಕ್ಕೆ ಅವಳೂ ಹೇಳುತ್ತಾಳೆ. ಇಬ್ಬರೂ ಹೇಳಿಕೊಳ್ಳೋ ಹಾಗಿದ್ದರೆ ರೂಮು ಸರಿಯಾಗಿದೆ ಅಂತ ಅರ್ಥ. ಯಾರದೋ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳೋ ಮುಂಚೆ ನಮ್ಮ ಹುರುಳಿ ಬಸ್ಸಾರಿನ ವಾಸನೆ ಬೇರೆಯವರಿಗೆ ಹೇಗಿರುತ್ತೆ ಅಂತ ನೆನೆಸಿಕೋ.

'ಹೊಂದಿಕೊಂಡು ಹೋಗಮ್ಮ' ಅಂತ ನಿಮ್ಮಮ್ಮ ಹೇಳಿಯೇ ಹೇಳುತ್ತಾಳೆ. ಆ ಮಾತನ್ನು ಅರ್ಧ ಕೇಳು. ಹೊಂದಿಕೊಳ್ಳೋದು ಯಾವಾಗಲೂ ಕೆಳಗಿನವರ ಪಾಲಿಗೇ ಬರುತ್ತದೆ, ಗಮನಿಸಿದ್ದೀಯಾ? ನಿನ್ನನ್ನು ಯಾರಾದರೂ ಹೀಯಾಳಿಸಿದರೆ, ರ‍್ಯಾಗಿಂಗ್ ಅಂತ ಕೈ ಮಾಡಿದರೆ, ಆಗ ಆ ಅರ್ಜಿ ಬರಿ. ರೂಮು ಬದಲಾಯಿಸೋಕೂ ಬರಿ, ದೂರನ್ನೂ ಬರಿ, ನಕಲು ಇಟ್ಟುಕೋ. 1996ರಲ್ಲಿ ಚಿದಂಬರದಲ್ಲಿ ವೈದ್ಯಕೀಯ ಓದುತ್ತಿದ್ದ ಪೊನ್ ನಾವರಸು ಅನ್ನೋ ಹುಡುಗನನ್ನು ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ಕೊಂದ. ಮಾರನೇ ವರ್ಷ ತಮಿಳುನಾಡು ರ‍್ಯಾಗಿಂಗ್ ತಡೆಗೆ ಕಾಯ್ದೆ ತಂದಿತು. ಯುಜಿಸಿ ನಿಯಮ ಬಂದದ್ದು 2009ರಲ್ಲಿ. ಸಹಾಯವಾಣಿ 1800-180-5522, ಪುಸ್ತಿಕೆಯ ಹಿಂಬದಿಯಲ್ಲಿ ನಾನೇ ಬರೆದಿಟ್ಟಿದ್ದೇನೆ. ಜಾತಿಯ ಕಾರಣಕ್ಕೆ ಹಾಸ್ಟೆಲಿನಲ್ಲಿ, ಮೆಸ್ಸಿನಲ್ಲಿ ಬೇರೆ ಮಾಡಬಾರದು, ದೂರು ಕೇಳೋಕೆ ಒಬ್ಬ ಅಧಿಕಾರಿ ಇರಬೇಕು ಅಂತ 2012ರಲ್ಲೇ ಯುಜಿಸಿ ನಿಯಮ ಮಾಡಿದೆ. ಹೋದ ಒಂದು ವಾರದೊಳಗೇ ಆ ಅಧಿಕಾರಿ ಯಾವ ಕೋಣೆಯಲ್ಲಿ ಕೂರುತ್ತಾರೆ ಅಂತ ಕೇಳಿಟ್ಟುಕೋ. ನಿನಗೆ ಬೇಕಾಗದಿರಬಹುದು, ಪಕ್ಕದವಳಿಗೆ ಬೇಕಾಗಬಹುದು.

ಹೈದರಾಬಾದಿನ ರೋಹಿತ್ ವೇಮುಲನ ಹೆಸರು ನಿನಗೆ ಗೊತ್ತು. ಅವನೂ ಸೇರಿ ಐದು ಜನ ದಲಿತ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಚಳಿಯಲ್ಲಿ ಕ್ಯಾಂಪಸ್ಸಿನೊಳಗೇ ಟೆಂಟು ಹಾಕಿಕೊಂಡು ಮಲಗಿದರು. 2016ರ ಜನವರಿ 17ರಂದು ಅವನು ಪ್ರಾಣ ಕಳೆದುಕೊಂಡ. ಸರಿ ತಪ್ಪು ಅಂತ ದೊಡ್ಡವರು ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಕಾಣೋದು ಹಾಸಿಗೆ ಸುರುಳಿ ಸುತ್ತಿಕೊಂಡು ತನ್ನ ಕೋಣೆಗೆ ಬೀಗ ಬಿದ್ದದ್ದನ್ನು ನೋಡುತ್ತಾ ನಿಂತ ಹುಡುಗ. ಓದೋ ಮಕ್ಕಳಿಗೆ ಆ ಬೀಗದಕೈ ಎಷ್ಟು ದೊಡ್ಡದು ಅನ್ನೋದು ರೂಮು ಸಿಗದೆ ಅಲೆದವರಿಗೆ ಗೊತ್ತು.

ಅಪ್ಪ ಅಮ್ಮನಿಗೆ ದಿನಾ ಫೋನ್ ಮಾಡು. ನನಗೆ ವಾರಕ್ಕೊಂದು ಸಾಕು. ನಿನ್ನ ರೂಮಿನವಳು ಯಾವ ಪೈಕಿ ಅಂತ ದೊಡ್ಡತ್ತೆ ಕೇಳುತ್ತಾಳೆ. ಕೇಳಲಿಲ್ಲ ಅಂತ ಹೇಳು. ನಿಜವಾಗಲೂ ಕೇಳಬೇಡ. ಅವಳಾಗಿ ಹೇಳಿದರೆ ಕೇಳಿಸಿಕೋ, ಮುಖದಲ್ಲಿ ಏನೂ ಬದಲಾಗದ ಹಾಗೆ. ನನಗೆ ಅದು ಬರಲಿಲ್ಲ.

ಅಡುಗೆಮನೆಯಲ್ಲಿ ಅಜ್ಜಿ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿಟ್ಟಿದ್ದಾಳೆ, ಆ ನೀಲಿ ಚೀಲದಲ್ಲಿ. ಅವಳ ಅತ್ತೆಯ ಕೈಯಿಂದ ಕಲಿತ ಹಾಗೆಯೇ ಜೊತೆಗೆ ಎರಡು ಚಮಚ ಸುತ್ತಿಟ್ಟಿದ್ದಳು. ಒಂದನ್ನು ನಾನು ತೆಗೆದಿಟ್ಟಿದ್ದೇನೆ. ಈಗ ಹುಡುಕುತ್ತಿದ್ದಾಳೆ. ನಿನ್ನನ್ನು ಕೇಳಿದರೆ ಗೊತ್ತಿಲ್ಲ ಅನ್ನು.